ಡಿಸರ್ಟೇಶನ್ ಮೀಮಾಂಸೆ

ಶಾಸ್ತ್ರಗ್ರಂಥ ಬರೆಯುವವನು ಮೊದಲು ನಾಲ್ಕು ಸಂಗತಿ ಇತ್ಯರ್ಥ ಮಾಡಿಕೊಳ್ಳಬೇಕು ಎಂದು ಹಿಂದಿನವರು ಕಟ್ಟುಮಾಡಿಟ್ಟಿದ್ದಾರೆ. ಓದಲು ಅಧಿಕಾರಿ ಯಾರು, ವಿಷಯ ಯಾವುದು, ಗ್ರಂಥಕ್ಕೂ ವಿಷಯಕ್ಕೂ ಸಂಬಂಧ ಏನು, ಓದಿದವನಿಗೆ ಪ್ರಯೋಜನ ಏನು. ಇದಕ್ಕೆ ಅನುಬಂಧ ಚತುಷ್ಟಯ ಎಂದು ಹೆಸರು. ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್ಸಿ. ಮಾಡುವವರು ಕಡೆಯ ಸೆಮಿಸ್ಟರಿನಲ್ಲಿ ಸಲ್ಲಿಸಬೇಕಾದ ಡಿಸರ್ಟೇಶನ್ನನ್ನು ಮುಗಿಸುವ ಬಗೆ ಹೇಗೆ ಎಂದು ವಿಚಾರಿಸುವ ಈ ಪ್ರಬಂಧವೂ ಆ ಕಟ್ಟನ್ನು ಮೀರುವುದಿಲ್ಲ. ಮುಗಿಸುವ ಬಗೆ ಎಂದೆವು, ಬರೆಯುವ ಬಗೆ ಎನ್ನಲಿಲ್ಲ. ಬರೆಯುವ ಬಗ್ಗೆ ಬೇಕಾದಷ್ಟು ಪುಸ್ತಕಗಳಿವೆ. ಆದರೆ ಅವನ್ನು ಬರೆದವರೆಲ್ಲ ಹೇಗೋ ಮುಗಿಸಿ ಪಾರಾದವರೇ ಆದ್ದರಿಂದ ಅವರ ಸಾಕ್ಷ್ಯ ಪಕ್ಷಪಾತದ್ದು.

ಅಧಿಕಾರಿಯ ಲಕ್ಷಣ ಹೀಗೆ. ಮೂರು ವರ್ಷದ ಡಿಗ್ರಿ ಮುಗಿಸಿರಬೇಕು. ಅಡ್ಮಿಶನ್ ದಿನ "ಮುಂದೇನು?" ಎಂದು ಕೇಳಿದರೆ "ನಿಮ್ಹಾನ್ಸ್" ಎಂದು ಒಂದೇ ಉಸಿರಿಗೆ ಹೇಳಬೇಕು. ಮದುವೆಮನೆಯಲ್ಲಿ ಎದುರಾದ ದೊಡ್ಡಮ್ಮ "ನಿಮ್ಹಾನ್ಸ್ ಸೇರ್ತೀಯಂತೆ, ಏನಾಯ್ತೋ ಮಗಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡಾಗ ತಾಳ್ಮೆಯಿಂದ ಬಿಡಿಸಿ ಹೇಳಬೇಕು. ಪಕ್ಕದಲ್ಲಿ ಕೂತ ಚಿಕ್ಕಪ್ಪ "ಹಾಗಿದ್ರೆ ಈಗ ನನ್ನ ಮನಸ್ಸಲ್ಲಿ ಏನಿದೆ ಹೇಳು ನೋಡೋಣ" ಎಂದ ಕೂಡಲೇ, ಮೊದಲನೇ ಪಂಕ್ತಿಗೆ ತನ್ನನ್ನು ಕರೆಯಲಿಲ್ಲ ಎಂಬ ಸಿಟ್ಟು ಇದೆ ಎಂದು ಸರಿಯಾಗಿ ಹೇಳಬಲ್ಲವನು ಉತ್ತಮಾಧಿಕಾರಿ. ಉಳಿದವರೆಲ್ಲ ಮಧ್ಯಮರು.

ವಿಷಯ ಸಿದ್ಧವಾಗಿಯೇ ಇರುತ್ತದೆ. "ಇಂಥದ್ದಕ್ಕೂ ಇಂಥದ್ದಕ್ಕೂ ಇರುವ ಸಂಬಂಧ: ಕಾಲೇಜು ವಿದ್ಯಾರ್ಥಿಗಳನ್ನು ಕುರಿತ ಒಂದು ಅಧ್ಯಯನ." ಖಾಲಿ ಜಾಗದಲ್ಲಿ ಒತ್ತಡ, ನಿದ್ರೆ, ಆತ್ಮಗೌರವ, ಮೊಬೈಲ್ ಬಳಕೆ ಇವುಗಳಲ್ಲಿ ಯಾವುದಾದರೂ ಎರಡನ್ನು ತುಂಬಿಕೊಂಡರೆ ಆಯಿತು. ಮೂರನೆಯದಾದ ಸಂಬಂಧಕ್ಕೆ ಈ ಶಾಸ್ತ್ರದಲ್ಲಿ ಇರುವಷ್ಟು ಮರ್ಯಾದೆ ಬೇರೆಲ್ಲೂ ಇಲ್ಲ ಎಂಬುದು ಇದರಿಂದ ತಿಳಿಯುತ್ತದೆ. ಮನೆಯಲ್ಲಿ ಅಪ್ಪ ಅಮ್ಮ ಮಗಳಿಗೆ ಸಂಬಂಧ ನೋಡುತ್ತಿರುವ ಹೊತ್ತಿನಲ್ಲೇ ಮಗಳು ಹಾಸ್ಟೆಲಿನಲ್ಲಿ ಒತ್ತಡಕ್ಕೂ ನಿದ್ರೆಗೂ ಸಂಬಂಧ ನೋಡುತ್ತಿರುತ್ತಾಳೆ. ಎರಡು ಕಡೆಯೂ ಕೂಡಿಬರುವುದು ಕಷ್ಟ.

ಹೀಗೆ ಸಂಬಂಧ ಹುಡುಕುವುದು ಇಂದು ನಿನ್ನೆಯ ಗೀಳಲ್ಲ, ಗುರುಪರಂಪರೆಯಿಂದಲೇ ಬಂದದ್ದು. ಮನಶ್ಶಾಸ್ತ್ರದ ಪ್ರಯೋಗಶಾಲೆಯನ್ನು 1879ರಲ್ಲಿ ಜರ್ಮನಿಯ ಲೈಪ್ಸಿಗ್‌ನಲ್ಲಿ ತೆರೆದವರು ವುಂಟ್. ಅವರಲ್ಲಿ ಪಿಎಚ್.ಡಿ. ಮಾಡಿದವರು ಚಾರ್ಲ್ಸ್ ಸ್ಪಿಯರ್‌ಮನ್. ಅಂಕಿಗಳ ನಡುವಿನ ಸಂಬಂಧ ಅಳೆಯುವ ಒಂದು ಸೂತ್ರಕ್ಕೆ ಇಂದಿಗೂ ಅವರ ಹೆಸರೇ ಇದೆ. ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಕಲಿತು ಬಂದವರು ನಮ್ಮ ಎಂ.ವಿ. ಗೋಪಾಲಸ್ವಾಮಿ. ಅವರು 1924ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದರು. ಭಾರತದಲ್ಲಿ ಅದಕ್ಕಿಂತ ಹಳೆಯದು ಕಲ್ಕತ್ತೆಯದು ಮಾತ್ರ. ಆದ್ದರಿಂದ ಇಂದು ಹಾಸನದಲ್ಲೋ ಹಾವೇರಿಯಲ್ಲೋ ಕೂತು ಒತ್ತಡಕ್ಕೂ ನಿದ್ರೆಗೂ ಗಂಟು ಹಾಕುವ ವಿದ್ಯಾರ್ಥಿ ವುಂಟ್ ಗೋತ್ರದವನೇ, ಸ್ಪಿಯರ್‌ಮನ್ ಪ್ರವರದವನೇ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ತೆರೆದರು. 'ಆಕಾಶವಾಣಿ' ಎಂಬ ಹೆಸರು ನಾಡಿಗೆ ಪರಿಚಯವಾದದ್ದು ಅಲ್ಲಿಂದ. ಪಾಠದ ಜೊತೆಗೆ ಪ್ರಸಾರವನ್ನೂ ಮಾಡುವ ಈ ಸಂಪ್ರದಾಯವನ್ನು ಈಗಿನ ಮೇಷ್ಟ್ರುಗಳೂ ಬಿಟ್ಟಿಲ್ಲ. ಪ್ರಸಾರ ವಾಟ್ಸ್ಯಾಪಿಗೆ ಬಂದಿದೆ ಅಷ್ಟೆ.

ಇನ್ನು ಸಿದ್ಧಾಂತ. ಮನಶ್ಶಾಸ್ತ್ರದ ಪಠ್ಯದಲ್ಲಿ ಮನುಷ್ಯನ ದೌರ್ಬಲ್ಯಗಳು ಒಂದೊಂದೂ ಒಂದೊಂದು ಅಧ್ಯಾಯವಾಗಿ ಕೂತಿವೆ. ವಿದ್ಯಾರ್ಥಿ ಅವನ್ನು ಓದಿ, ಬೇರೆಯವರ ವಿಷಯ ಎಂದುಕೊಂಡು ಪರೀಕ್ಷೆ ಬರೆದು ಪಾಸಾಗುತ್ತಾನೆ. ಆಮೇಲೆ ಡಿಸರ್ಟೇಶನ್ ಎಂಬ ನೆಪದಲ್ಲಿ ಆ ಅಧ್ಯಾಯಗಳನ್ನೆಲ್ಲ ಅವನ ಮೈಮೇಲೆ ಒಂದೊಂದಾಗಿ ತರಿಸಲಾಗುತ್ತದೆ. ಎಲ್ಲವೂ ಬಂದುಹೋದ ಮೇಲೆ ಪದವಿ ಕೊಡುತ್ತಾರೆ. ರಟ್ಟು ಕಟ್ಟಿದ ಆ ನೂರು ಪುಟ ಅದರ ರಸೀದಿ.

ಇದಕ್ಕೆ ಪೂರ್ವಪಕ್ಷಿ ಹೇಳುವುದೇನೆಂದರೆ: "ಇದು ಸಲ್ಲದು. ನಿಯಮಾವಳಿಯಲ್ಲಿ ಕ್ರೆಡಿಟ್ ಇದೆ, ಹಾಜರಾತಿ ಇದೆ, ವೈವಾ ಇದೆ. ಮೈಮೇಲೆ ಬರುವ ಮಾತು ಎಲ್ಲಿದೆ?" ಉತ್ತರ: 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ನೋಡು. ಮೂರು ವರ್ಷದ ಡಿಗ್ರಿ ಮಾಡಿದವರಿಗೆ ಎರಡು ವರ್ಷದ ಸ್ನಾತಕೋತ್ತರ ಕೋರ್ಸು, ಅದರಲ್ಲಿ ಎರಡನೇ ವರ್ಷವನ್ನು ಪೂರ್ತಿ ಸಂಶೋಧನೆಗೇ ಬಿಡಬಹುದು ಎಂದಿದೆ. ಪಾಠವಿಲ್ಲ, ಪ್ರವಚನವಿಲ್ಲ, ಇಡೀ ಒಂದು ವರ್ಷ. ಒಬ್ಬನೇ ಮನುಷ್ಯನನ್ನು ಒಂದು ವರ್ಷ ಹೀಗೆ ಬಿಟ್ಟು ಏನಾಗುತ್ತದೆ ನೋಡೋಣ ಎನ್ನುವುದು ಪ್ರಯೋಗವಲ್ಲದೆ ಮತ್ತೇನು?

ಮೊದಲನೆಯದು ಸಿನಾಪ್ಸಿಸ್ ಪ್ರಕರಣ. ಸಿನಾಪ್ಸಿಸ್‌ನ ಕೊನೆಯ ಪುಟದಲ್ಲಿ ಒಂದು ಕೋಷ್ಟಕ ಇರುತ್ತದೆ. ಸಾಹಿತ್ಯ ಸಮೀಕ್ಷೆ ಜನವರಿ, ಮಾಹಿತಿ ಸಂಗ್ರಹ ಫೆಬ್ರವರಿ, ವಿಶ್ಲೇಷಣೆ ಮಾರ್ಚ್, ಬರವಣಿಗೆ ಏಪ್ರಿಲ್. ವಿದ್ಯಾರ್ಥಿ ಬರೆಯುವ ಸಾಹಿತ್ಯದಲ್ಲೆಲ್ಲ ಶುದ್ಧ ಕಾಲ್ಪನಿಕವಾದದ್ದು ಇದೊಂದೇ. ಮನುಷ್ಯನಿಗೆ ತನ್ನ ಕೆಲಸಕ್ಕೆ ಹಿಡಿಯುವ ಸಮಯ ಅಂದಾಜು ಮಾಡಲು ಬರುವುದೇ ಇಲ್ಲ ಎಂದು ಕಾನೆಮನ್ ಮತ್ತು ಟ್ವೆರ್ಸ್ಕಿ 1979ರಲ್ಲೇ ಹೇಳಿ, ಅದಕ್ಕೊಂದು ಹೆಸರನ್ನೂ ಇಟ್ಟಿದ್ದರು. 1994ರಲ್ಲಿ ಬ್ಯೂಲರ್, ಗ್ರಿಫಿನ್ ಮತ್ತು ರಾಸ್ ಎಂಬ ಮೂವರು ಇದನ್ನು ಪರೀಕ್ಷೆ ಮಾಡಿಯೇ ನೋಡಿದರು. ಅವರು ಹಿಡಿದುಕೊಂಡದ್ದು ಯಾರನ್ನು ಎಂಬುದೇ ನಮ್ಮ ಸಿದ್ಧಾಂತಕ್ಕೆ ಪರಮ ಪ್ರಮಾಣ: ಪ್ರಬಂಧ ಬರೆಯುತ್ತಿದ್ದ ಮನಶ್ಶಾಸ್ತ್ರದ ವಿದ್ಯಾರ್ಥಿಗಳನ್ನೇ. ಎಷ್ಟು ದಿನದಲ್ಲಿ ಮುಗಿಸುತ್ತೀರಿ ಎಂದಾಗ ಅವರು ಕೊಟ್ಟ ಸರಾಸರಿ 33.9 ದಿನ. ಸರಿ, ಎಲ್ಲವೂ ಕೆಟ್ಟು ಕೆರ ಹಿಡಿದು ಹೋಯಿತು ಎಂದುಕೊಳ್ಳಿ, ಆಗ? 48.6 ದಿನ. ನಿಜವಾಗಿ ಹಿಡಿದದ್ದು 55.5 ದಿನ.

ಈ ಮೂರು ಅಂಕಿಗಳನ್ನು ಸ್ವಲ್ಪ ಧ್ಯಾನಿಸಬೇಕು. ಅಂದಾಜು ತಪ್ಪಿತು ಎಂಬುದು ದೊಡ್ಡ ಮಾತಲ್ಲ, ಮನೆ ಕಟ್ಟಿಸಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಲ್ಯಾಪ್‌ಟಾಪ್ ಕೆಟ್ಟು, ಜ್ವರ ಬಂದು, ಗೈಡ್ ಫಾರಿನ್ನಿಗೆ ಹೋಗಿ, ಊರಲ್ಲಿ ತೇರು, ಅಕ್ಕನ ಬಾಣಂತನ ಎಲ್ಲ ಒಟ್ಟಿಗೆ ಬಂದರೂ ಇಷ್ಟೇ ದಿನ ಎಂದು ಹೆದರಿಕೊಂಡು ಹೇಳಿದ ಲೆಕ್ಕವನ್ನೂ, ಏನೂ ಆಗದ ಸಾದಾ ದಿನಗಳೇ ದಾಟಿಬಿಟ್ಟವಲ್ಲ, ಅಲ್ಲಿದೆ ರಹಸ್ಯ. ಈ ಅಧ್ಯಾಯವನ್ನು ಓದಿಕೊಂಡೇ ನಮ್ಮ ವಿದ್ಯಾರ್ಥಿ ಕೋಷ್ಟಕದಲ್ಲಿ ಮತ್ತೆ "ಬರವಣಿಗೆ: ಏಪ್ರಿಲ್" ಎಂದು ಬರೆಯುತ್ತಾನೆ. ಅಲ್ಲಿಗೆ ಮೊದಲನೇ ಅಧ್ಯಾಯ ಮೈಗೂಡಿತು.

ಸಿನಾಪ್ಸಿಸ್ ಮಂಡನೆಯ ದಿನ ಕಮಿಟಿ ಕೂರುತ್ತದೆ. ಮಿಲ್‌ಗ್ರಾಮ್ 1963ರಲ್ಲಿ ಪ್ರಕಟಿಸಿದ ಪ್ರಯೋಗ ಎಲ್ಲರಿಗೂ ಗೊತ್ತು. ಬಿಳಿ ಕೋಟು ಹಾಕಿಕೊಳ್ಳದ, ಬೂದು ಕೋಟಿನ ಒಬ್ಬ ಮನುಷ್ಯ ಸಮಾಧಾನದ ದನಿಯಲ್ಲಿ ಮುಂದುವರಿಸಿ ಎನ್ನುತ್ತಿದ್ದರೆ, 40 ಜನರಲ್ಲಿ 26 ಮಂದಿ ಇನ್ನೊಬ್ಬನಿಗೆ ಕೊಡುವ ಶಾಕನ್ನು ಹದಿನೈದು ಹದಿನೈದು ವೋಲ್ಟಿನಂತೆ ಏರಿಸುತ್ತಾ 450ಕ್ಕೆ ಮುಟ್ಟಿಸಿದರು. ನಮ್ಮಲ್ಲಿ ಏರುವುದು ವೇರಿಯಬಲ್ಲು. ವಿದ್ಯಾರ್ಥಿ ಎರಡು ಇಟ್ಟುಕೊಂಡು ಒಳಗೆ ಹೋಗಿರುತ್ತಾನೆ. ಒಬ್ಬರು "ಜೆಂಡರ್ ಸೇರಿಸಿ" ಎನ್ನುತ್ತಾರೆ. ಆಯ್ತು ಸರ್. ಇನ್ನೊಬ್ಬರು "ರೂರಲ್ಲು, ಅರ್ಬನ್ನು ನೋಡಿದ್ರೆ ಚೆನ್ನಾಗಿರುತ್ತೆ." ಆಯ್ತು ಮೇಡಂ. ಅಷ್ಟು ಹೊತ್ತು ಬಿಸ್ಕೆಟ್ ತಿನ್ನುತ್ತಿದ್ದ ಮೂರನೆಯವರು ತಲೆ ಎತ್ತಿ, "ಪರ್ಸನಾಲಿಟಿ ಯಾಕಿಲ್ಲ?" ಇಲ್ಲಿ ವ್ಯತ್ಯಾಸ ಒಂದೇ. ಮಿಲ್‌ಗ್ರಾಮನ ಪ್ರಯೋಗದಲ್ಲಿ ಆ ಇನ್ನೊಬ್ಬನಿಗೆ ಶಾಕ್ ನಿಜವಾಗಿ ಹೊಡೆಯುತ್ತಿರಲಿಲ್ಲ.

ಎರಡನೆಯದು ಗೈಡ್ ಪ್ರಕರಣ. ಫರ್‌ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಒಂದು ದಪ್ಪ ಗ್ರಂಥವನ್ನೇ ಬರೆದು ಸ್ಥಾಪಿಸಿದ ವಿಷಯವಿದು. ಪಾರಿವಾಳಕ್ಕೆ ಕಾಳು ಯಾವಾಗ ಬೀಳುತ್ತದೆ ಎಂಬುದು ಗೊತ್ತಿದ್ದರೆ ಅದು ಆ ಹೊತ್ತಿಗೆ ಸರಿಯಾಗಿ ಕುಕ್ಕುತ್ತದೆ, ಉಳಿದ ಹೊತ್ತು ಆರಾಮಾಗಿರುತ್ತದೆ. ಒಮ್ಮೆ ಅರ್ಧ ನಿಮಿಷಕ್ಕೆ, ಒಮ್ಮೆ ಐದು ನಿಮಿಷಕ್ಕೆ, ಲೆಕ್ಕವಿಲ್ಲದೆ ಬೀಳುತ್ತಿದ್ದರೆ ಬಿಡದೆ ಕುಕ್ಕುತ್ತಲೇ ಇರುತ್ತದೆ. ಈಗ ಗಮನಿಸಿ. ವಿದ್ಯಾರ್ಥಿನಿ ಎರಡನೇ ಅಧ್ಯಾಯ ಕಳಿಸಿ "ಗುಡ್ ಮಾರ್ನಿಂಗ್ ಸರ್, ನೋಡಿ ಹೇಳ್ತೀರಾ" ಎಂದು ಬರೆದಿದ್ದಾಳೆ. ಎರಡು ಗೆರೆ ನೀಲಿಯಾಯಿತು. ಸರ್ ಆನ್‌ಲೈನ್ ಇದ್ದಾರೆ. ವಿಭಾಗದ ಗುಂಪಿನಲ್ಲಿ ಇಬ್ಬನಿ ಹೊತ್ತ ಗುಲಾಬಿಯ ಚಿತ್ರದೊಂದಿಗೆ "ಶುಭೋದಯ" ಎಂದು ಹಾಕಿಯೂ ಹಾಕಿದರು. ಅವಳಿಗೆ ಉತ್ತರ ಇಲ್ಲ. ಮರುದಿನವೂ ಗುಲಾಬಿ ಬಂತು. ವಾರ ಕಳೆದು ಒಂದು ರಾತ್ರಿ ಹನ್ನೊಂದೂ ಮುಕ್ಕಾಲಿಗೆ "ಓಕೆ" ಎಂದು ಬಂತು. ಯಾವುದು ಓಕೆ? ಅಧ್ಯಾಯವೋ, ಬೆಳಗಿನ ವಂದನೆಯೋ? ಅವಳು ಅಂದಿನಿಂದ ಫೋನನ್ನು ದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗುತ್ತಾಳೆ. ಅವಳ ವಿಷಯ "ಮೊಬೈಲ್ ಬಳಕೆ ಮತ್ತು ನಿದ್ರೆಯ ಗುಣಮಟ್ಟ" ಎಂಬುದನ್ನು ಇಲ್ಲಿ ಹೇಳದಿದ್ದರೆ ಪ್ರಬಂಧಕ್ಕೆ ಅಪಚಾರವಾಗುತ್ತದೆ.

ಇದರಿಂದ ಗೈಡುಗಳನ್ನು ನಿಂದಿಸಿದಂತಾಗಲಿಲ್ಲ. ಅವರ ತಲೆಯ ಮೇಲೂ ಎಂಟೋ ಹತ್ತೋ ಡಿಸರ್ಟೇಶನ್ನು, ಮೌಲ್ಯಮಾಪನ, ನ್ಯಾಕ್ ಭೇಟಿಯ ಫೈಲು ಕೂತಿರುತ್ತವೆ. ಅವರ ಕಾಳು ಬೀಳುವುದೂ ಬೇರೆಲ್ಲಿಂದಲೋ, ಅಷ್ಟೇ ಲೆಕ್ಕವಿಲ್ಲದೆ.

ನೈತಿಕ ಸಮಿತಿಯ ಒಪ್ಪಿಗೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಉತ್ತರಿಸುವವರಿಗೆ ಕೊಡುವ ಒಪ್ಪಿಗೆ ಪತ್ರದಲ್ಲಿ ಒಂದು ಮಾತು ಕಡ್ಡಾಯ: ತಾವು ಯಾವ ಕ್ಷಣದಲ್ಲಾದರೂ, ಕಾರಣ ಹೇಳದೆ, ಯಾವ ನಷ್ಟವೂ ಇಲ್ಲದೆ ಈ ಅಧ್ಯಯನದಿಂದ ಹೊರಹೋಗಬಹುದು. ಅದನ್ನು ಟೈಪು ಮಾಡುವಾಗ ವಿದ್ಯಾರ್ಥಿಗೆ ಹೊಟ್ಟೆ ಉರಿಯುತ್ತದೆ.

ಮಾಹಿತಿ ಸಂಗ್ರಹದಲ್ಲಿ 384 ಎಂಬುದು ಮಂತ್ರಸಂಖ್ಯೆ. ಕ್ರೆಜ್ಸಿ ಮತ್ತು ಮಾರ್ಗನ್ 1970ರಲ್ಲಿ ಮಾಡಿಕೊಟ್ಟ ಪಟ್ಟಿಯಲ್ಲಿ ಹತ್ತು ಲಕ್ಷ ಜನಸಂಖ್ಯೆಗೆ 384 ಜನರ ಮಾದರಿ ಸಾಕು ಎಂದಿದೆ. ಜಪಕ್ಕೆ 108 ಹೇಗೋ ಗೂಗಲ್ ಫಾರ್ಮಿಗೆ 384 ಹಾಗೆ. ಆ ಪಟ್ಟಿ ಹೊಂದುವುದು ಜನರನ್ನು ಯಾದೃಚ್ಛಿಕವಾಗಿ ಆರಿಸಿಕೊಂಡಾಗ ಎಂಬ ಸಣ್ಣ ಸಂಗತಿಯನ್ನು ಯಾರೂ ಎತ್ತುವುದಿಲ್ಲ. ನಮ್ಮಲ್ಲಿ ಆರಿಸುವ ಕ್ರಮ ಹೀಗಿದೆ. ಮೊದಲು ಕ್ಲಾಸ್‌ಮೇಟುಗಳು. ಅವರ ಫಾರ್ಮು ಇವನು ತುಂಬಿದ್ದಾನೆ, ಇವನದನ್ನು ಅವರು ತುಂಬಲೇಬೇಕು, ಮುಯ್ಯಿಗೆ ಮುಯ್ಯಿ. ಆಮೇಲೆ ಹಾಸ್ಟೆಲು. ಆಮೇಲೆ ಊರಿನ ಕ್ರಿಕೆಟ್ ಟೀಮು. ಮುನ್ನೂರು ದಾಟದಿದ್ದಾಗ ಸೋದರತ್ತೆಯ ಮಗಳ ಆಫೀಸು. ಹೀಗೆ ಸೇರಿದವರಿಗೆ ಪ್ರಬಂಧದಲ್ಲಿ "ಕರ್ನಾಟಕದ ಯುವಜನತೆ" ಎಂದು ಹೆಸರು.

ಬಂದ ಉತ್ತರಗಳ ಸೊಗಸು ಬೇರೆ. ಲಿಕರ್ಟ್ 1932ರಲ್ಲಿ ಐದು ಮೆಟ್ಟಿಲಿನ ಅಳತೆ ಕೊಟ್ಟಾಗ, ಮುಂದೊಂದು ದಿನ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತವನೊಬ್ಬ ಹೆಬ್ಬೆರಳಿನಲ್ಲೇ ನಲವತ್ತು ಪ್ರಶ್ನೆಗೂ "3" ಒತ್ತುತ್ತಾ ಇಳಿದುಹೋಗುತ್ತಾನೆ ಎಂದು ಎಣಿಸಿರಲಿಕ್ಕಿಲ್ಲ. ಇನ್ನು ಗಮನವಿಟ್ಟು ತುಂಬುವವರು ಅವನಿಗಿಂತ ಅಪಾಯಕಾರಿ. ಜನ ತಮ್ಮ ಬಗ್ಗೆ ಚೆನ್ನಾಗಿ ಕಾಣುವ ಉತ್ತರವನ್ನೇ ಕೊಡುತ್ತಾರೆ ಎಂಬುದನ್ನು ಅಳೆಯಲು ಕ್ರೌನ್ ಮತ್ತು ಮಾರ್ಲೋ 1960ರಲ್ಲಿ ಪ್ರತ್ಯೇಕ ಪ್ರಶ್ನಾವಳಿಯನ್ನೇ ಮಾಡಬೇಕಾಯಿತು. ನಮ್ಮ ವಿದ್ಯಾರ್ಥಿಯ ಮಾದರಿಯಲ್ಲಿ ಯಾರೂ ಸುಳ್ಳು ಹೇಳಿಲ್ಲ, ಎಲ್ಲರೂ ಎಂಟು ಗಂಟೆ ಮಲಗುತ್ತಾರೆ, ಎಲ್ಲರಿಗೂ ಅಪ್ಪ ಅಮ್ಮನ ಮೇಲೆ ಗೌರವ. ಕ್ರಿಕೆಟ್ ಟೀಮಂತೂ ಸಪ್ತರ್ಷಿ ಮಂಡಲ.

ಮೂರನೆಯದು ಅಂಕಿಅಂಶ ಪ್ರಕರಣ. ಎಸ್‌ಪಿಎಸ್‌ಎಸ್ ಎಂಬ ಯಂತ್ರಕ್ಕೆ ಅಂಕಿಗಳನ್ನು ಉಣಿಸುವ ವಿದ್ಯೆ ಪಾಠದಲ್ಲಿ ಇದ್ದರೂ ತಲೆಯಲ್ಲಿ ಇರುವುದಿಲ್ಲವಾಗಿ, ವಿದ್ಯಾರ್ಥಿ ಯೂನಿವರ್ಸಿಟಿ ಗೇಟಿನ ಎದುರು ಮಹಡಿಯ ಮೇಲೆ ಕೂರುವ ಒಬ್ಬ ಅಣ್ಣನ ಬಳಿ ಹೋಗುತ್ತಾನೆ. ಜಾತಕ ನೋಡುವ ಜೋಯಿಸರ ಹಾಗೆಯೇ ಅವನದೂ ಗಂಭೀರ ಮುಖ.

"ಏನು ಬರ್ಬೇಕು ನಿಮ್ದು?" ಎನ್ನುತ್ತಾನೆ ಅವನು, ಪೆನ್‌ಡ್ರೈವ್ ಚುಚ್ಚುತ್ತಾ.

"ಅಂದ್ರೆ?"

"ಸಿಗ್ನಿಫಿಕೆಂಟ್ ಬರ್ಬೇಕಾ, ಬೇಡ್ವಾ? ನಿಮ್ಮ ಸರ್ ಏನಂದಿದಾರೆ?"

"ಏನು ಬರುತ್ತೋ ಅದು ಬರ್ಲಿ ಅಂದಿದಾರೆ ಅಣ್ಣಾ."

"ಹಾಗೇ ಅಂತಾರೆ. ಬರದಿದ್ರೆ ನನ್ಹತ್ರಾನೇ ವಾಪಸ್ ಕಳಿಸ್ತಾರೆ."

ಇಲ್ಲಿ ಲಕ್ಷ್ಮಣರೇಖೆ 0.05. ಸಂಬಂಧವೇ ಇಲ್ಲದಿದ್ದರೂ ಇಂಥ ಫಲಿತಾಂಶ ಬರುವ ಸಂಭವ ಇಪ್ಪತ್ತರಲ್ಲಿ ಒಂದನ್ನು ಮೀರಬಾರದು ಎಂಬ ಈ ಗೆರೆಯನ್ನು ಚಾಲ್ತಿಗೆ ತಂದದ್ದು ರೊನಾಲ್ಡ್ ಫಿಶರ್ ಅವರ 1925ರ ಪುಸ್ತಕ. ಲೆಕ್ಕಕ್ಕೆ ಅನುಕೂಲ ಎಂದು ಅವರು ಎಳೆದ ಗೆರೆ ಈಚೆಗೆ ವರ ಕೊಡುವ, ಶಾಪ ಹಾಕುವ ಮಟ್ಟಕ್ಕೆ ಬಂದಿದೆ. 0.049 ಬಂದರೆ ಮನೆಯಲ್ಲಿ ಪಾಯಸ. 0.051 ಬಂದರೆ ಸೂತಕ. ಆಗ ಮಹಡಿಯ ಅಣ್ಣ ಪರಿಹಾರ ಸೂಚಿಸುತ್ತಾನೆ. ಆ ನಾಲ್ಕು ಜನರನ್ನು ಬಿಡಿ, ಅವರು ಔಟ್‌ಲೈಯರ್. ಹುಡುಗಿಯರನ್ನು ಮಾತ್ರ ತಗೊಂಡು ನೋಡೋಣ. ಮೈಸೂರಿನವರನ್ನು ತೆಗೆದು ನೋಡೋಣ. ಹೀಗೆ ನೋಡುತ್ತಾ ಹೋದರೆ ಏನನ್ನು ಬೇಕಾದರೂ ಸಾಧಿಸಬಹುದು ಎಂದು ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಮೂವರು 2011ರಲ್ಲಿ ಮಾಡಿ ತೋರಿಸಿದರು. ಬೀಟಲ್ಸ್ ತಂಡದ ಅರವತ್ತನಾಲ್ಕರ ವಯಸ್ಸಿನ ಹಾಡೊಂದನ್ನು ಕೇಳಿಸಿದರೆ ಕೇಳಿದವರ ವಯಸ್ಸೇ ಸುಮಾರು ಒಂದೂವರೆ ವರ್ಷ ಕಡಿಮೆಯಾಗುತ್ತದೆ ಎಂದು ಅವರು ಅಂಕಿಅಂಶದಿಂದ ನಿರೂಪಿಸಿದ್ದರು. ಅನಿಸಿಕೆಯಲ್ಲಿ ಕಡಿಮೆಯಾಗುವುದಲ್ಲ, ಹುಟ್ಟಿದ ತಾರೀಖಿನ ಲೆಕ್ಕದಲ್ಲೇ! ಎಚ್ಚರಿಕೆಗೆಂದು ಬರೆದ ಲೇಖನವದು. ಮಹಡಿಯ ಮೇಲೆ ಅದನ್ನು ಕೈಪಿಡಿಯಾಗಿ ಓದುತ್ತಾರೆ.

"ದೊಡ್ಡವರು ಹೀಗೆ ಮಾಡುವುದಿಲ್ಲ" ಎಂದು ಪೂರ್ವಪಕ್ಷಿ. ಮನಶ್ಶಾಸ್ತ್ರದ ಒಳ್ಳೊಳ್ಳೆಯ ಪತ್ರಿಕೆಗಳಲ್ಲಿ ಬಂದಿದ್ದ 100 ಅಧ್ಯಯನಗಳನ್ನು ಒಂದು ದೊಡ್ಡ ಬಳಗ ಮತ್ತೆ ಮಾಡಿ ನೋಡಿ, 2015ರಲ್ಲಿ ಫಲಿತಾಂಶ ಪ್ರಕಟಿಸಿತು. ಮೂಲದಲ್ಲಿ ಶೇಕಡಾ 97 ಅಧ್ಯಯನಗಳು ಗೆರೆ ದಾಟಿದ್ದವು. ಎರಡನೇ ಸಲ ದಾಟಿದ್ದು ಶೇಕಡಾ 36. ಪೂರ್ವಪಕ್ಷಿ ಇಲ್ಲಿ ನೀರು ಕುಡಿಯಲು ಎದ್ದುಹೋಗುತ್ತಾನೆ.

ಬರವಣಿಗೆ. ಈ ಘಟ್ಟದಲ್ಲಿ ಆದರ್ಶ ಎನ್ನಬಹುದಾದ ಕೃತಿ ಒಂದೇ ಒಂದಿದೆ. ಡೆನಿಸ್ ಅಪ್ಪರ್ ಎಂಬ ಮನಶ್ಶಾಸ್ತ್ರಜ್ಞ ತನಗೆ ಬರೆಯಲು ಆಗದೇ ಇರುವ ತೊಂದರೆಗೆ ತಾನೇ ಚಿಕಿತ್ಸೆ ಮಾಡಿಕೊಂಡು, ಅದು ಫಲಿಸದೆ ಹೋದ ವಿಚಾರವಾಗಿ 1974ರಲ್ಲಿ ಒಂದು ಲೇಖನ ಪ್ರಕಟಿಸಿದ. ಶೀರ್ಷಿಕೆ ಇದೆ, ಹೆಸರಿದೆ, ಕೆಳಗೆ ಪುಟ ಖಾಲಿ. ತಜ್ಞರು ಓದಿ ಒಪ್ಪಿಯೇ ಅಚ್ಚಾಯಿತು. ನಮ್ಮ ವಿದ್ಯಾರ್ಥಿಗಳಲ್ಲಿ ಬಹಳ ಮಂದಿ ಏಪ್ರಿಲ್ ಕೊನೆಯ ತನಕ ಇದೇ ಶೈಲಿಯಲ್ಲಿ ಬರೆದಿರುತ್ತಾರೆ, ಪ್ರಕಟಿಸುವವರಿಲ್ಲ.

ಖಾಲಿ ಪುಟದ ದೊಡ್ಡ ಗುಣವೆಂದರೆ ಅದರಲ್ಲಿ ನಕಲು ಸಿಗುವುದಿಲ್ಲ. ಯುಜಿಸಿಯ 2018ರ ನಿಯಮದ ಪ್ರಕಾರ ಹೋಲಿಕೆ ಶೇಕಡಾ 10ರ ಒಳಗಿದ್ದರೆ ಶಿಕ್ಷೆ ಇಲ್ಲ. 40ರ ತನಕ ತಿದ್ದಿ ಕೊಡಬೇಕು, 60ರ ತನಕ ಒಂದು ವರ್ಷ ಸಲ್ಲಿಸುವ ಹಾಗಿಲ್ಲ, ಅದನ್ನೂ ಮೀರಿದರೆ ನೋಂದಣಿಯೇ ರದ್ದು. ಎಲ್ಲರಿಗೂ ಗೊತ್ತಿರುವ ಮಾತು ಕಾಕತಾಳೀಯವಾಗಿ ಹೊಂದಿಕೊಂಡರೆ ಸತತ 14 ಪದಗಳವರೆಗೆ ಮಾಫಿ. ಇಡೀ ವ್ಯಾಕರಣವನ್ನು ಪಾಣಿನಿ 14 ಮಾಹೇಶ್ವರ ಸೂತ್ರಗಳ ಮೇಲೆ ಕಟ್ಟಿದ. ನಮ್ಮ ವಿದ್ಯಾರ್ಥಿ ಇಡೀ ಎರಡನೇ ಅಧ್ಯಾಯವನ್ನು 14 ಪದಗಳ ತುಂಡುಗಳ ಮೇಲೆ ಕಟ್ಟುತ್ತಾನೆ. ಹದಿನೈದನೆಯ ಪದ ಮಾತ್ರ ಸ್ವಂತದ್ದು.

ಕೊನೆಗೆ ಬೈಂಡಿಂಗ್ ಅಂಗಡಿ. ಡಿಸರ್ಟೇಶನ್ನಿನ ಪ್ರತಿ ಪುಟವನ್ನೂ ಮಗುಚಿ ನೋಡುವ ಏಕೈಕ ಮನುಷ್ಯ ಇರುವುದು ಇಲ್ಲಿ. ಅವನು ನೋಡುವುದು ಪುಟಸಂಖ್ಯೆಯನ್ನೇ ಆದರೂ, ನೋಡುವುದು ನಿಜ. "ಮೇಡಂ, ಸರ್ಟಿಫಿಕೇಟ್ ಪೇಜು ಡಿಕ್ಲರೇಶನ್ನಿಗಿಂತ ಮೊದ್ಲು ಬಂದಿದೆ. ಹೋದ ವರ್ಷ ಇದಕ್ಕೇ ಇಡೀ ಬ್ಯಾಚನ್ನ ವಾಪಸ್ ಕಳಿಸಿದ್ರು ನಿಮ್ಮ ಡಿಪಾರ್ಟ್‌ಮೆಂಟಲ್ಲಿ" ಎನ್ನುತ್ತಾನೆ. ವಿಭಾಗದ ನಿಯಮಾವಳಿ ವಿಭಾಗಕ್ಕಿಂತ ಚೆನ್ನಾಗಿ ಅವನಿಗೆ ಗೊತ್ತು. ಮರೂನ್ ರಟ್ಟು, ಅದರ ಮೇಲೆ ಬಂಗಾರದ ಅಕ್ಷರ, ಬೆನ್ನಿನ ಮೇಲೆ ಹೆಸರು ಮತ್ತು ವರ್ಷ. ನಾಳೆ ಕೊನೆಯ ದಿನ ಎಂದು ಅಂಗಲಾಚಿದರೆ, ಗೋಂದು ಒಣಗಬೇಕಲ್ಲ ಎಂದು ಫ್ಯಾನಿನ ಕೆಳಗಿರುವ ರಾಶಿ ತೋರಿಸುತ್ತಾನೆ. ಆ ರಾಶಿಯಲ್ಲಿ ಇಡೀ ಕ್ಲಾಸೇ ಇರುತ್ತದೆ.

ಸಲ್ಲಿಸಿ ವೈವಾ ನಡೆಯುವಷ್ಟರಲ್ಲಿ ಮತ್ತೊಂದು ಅಧ್ಯಾಯ ತಾನಾಗಿ ಮೈಗೂಡುತ್ತದೆ. ಅರ್ಧಕ್ಕೆ ನಿಂತ ಕೆಲಸ ನೆನಪಿನಲ್ಲಿ ಉಳಿಯುತ್ತದೆ, ಮುಗಿದದ್ದು ಅಳಿಸಿಹೋಗುತ್ತದೆ ಎಂದು ಬ್ಲೂಮಾ ಝೈಗಾರ್ನಿಕ್ 1927ರಲ್ಲಿ ತೋರಿಸಿದ್ದರು. ಬರೆಯುವಾಗ ಕನಸಿನಲ್ಲೂ ಸರಾಸರಿ, ವಿಚಲನೆ ಗುಣುಗುತ್ತಿದ್ದವಳಿಗೆ, ಹೊರಗಿನಿಂದ ಬಂದ ಪರೀಕ್ಷಕರು "ನಿಮ್ಮ ಸ್ಯಾಂಪಲ್ ಎಷ್ಟಮ್ಮಾ?" ಎಂದರೆ ಉತ್ತರ ಬಾಯಿಗೆ ಬರುವುದಿಲ್ಲ. ಪರೀಕ್ಷಕರಿಗೂ ಮಧ್ಯಾಹ್ನದ ಇಂಟರ್‌ಸಿಟಿ ರೈಲು ಹಿಡಿಯಬೇಕು. ಸ್ಯಾಂಪಲ್ ಇನ್ನೂ ಜಾಸ್ತಿ ಇದ್ದಿದ್ರೆ ಚೆನ್ನಾಗಿರ್ತಿತ್ತು ಎಂದು ಹೇಳಿ ಸಹಿ ಮಾಡುತ್ತಾರೆ.

ನೀರು ಕುಡಿದು ಬಂದ ಪೂರ್ವಪಕ್ಷಿ ಈಗ ಅದೇ ಆಯುಧ ಎತ್ತುತ್ತಾನೆ. "ನಿಮ್ಮ ಸಿದ್ಧಾಂತಕ್ಕೆ ಸ್ಯಾಂಪಲ್ ಎಷ್ಟು? ನೀವು ಹೇಳಿದ್ದೆಲ್ಲ ಒಬ್ಬಿಬ್ಬರ ಕಥೆ." ಎಬಿಂಗ್‌ಹಾಸ್ 1885ರಲ್ಲಿ ನೆನಪು, ಮರೆವಿನ ಬಗ್ಗೆ ಬರೆದ ಪುಸ್ತಕವಿಲ್ಲದೆ ಮನಶ್ಶಾಸ್ತ್ರದ ಸಿಲಬಸ್ಸಿಲ್ಲ. ಅರ್ಥವಿಲ್ಲದ ಅಕ್ಷರಗಳನ್ನು ಬಾಯಿಪಾಠ ಮಾಡಿ ಮಾಡಿ ಮರೆತ ಅವರ ಮಾದರಿಯಲ್ಲಿ ಇದ್ದವರು ಅವರೊಬ್ಬರೇ. ಅರ್ಥವಿಲ್ಲದ್ದನ್ನು ಕಲಿತು ಮರೆಯುವುದಕ್ಕೆ ಒಬ್ಬ ಸಾಕು.

ಉಳಿದದ್ದು ಪ್ರಯೋಜನ. 1959ರಲ್ಲಿ ಫೆಸ್ಟಿಂಗರ್ ಮತ್ತು ಕಾರ್ಲ್‌ಸ್ಮಿತ್, ಹುಡುಗರನ್ನು ಕೂರಿಸಿ ಗೂಟಗಳನ್ನು ತಿರುಗಿಸುವಂಥ ಬೇಸರದ ಕೆಲಸವನ್ನು ಒಂದು ಗಂಟೆ ಮಾಡಿಸಿದರು. ಆಮೇಲೆ ಹೊರಗೆ ಕಾಯುತ್ತಿರುವವರಿಗೆ ತುಂಬಾ ಮಜವಾಗಿತ್ತು ಎಂದು ಹೇಳು ಎಂದು ಕೆಲವರಿಗೆ 20 ಡಾಲರ್, ಕೆಲವರಿಗೆ 1 ಡಾಲರ್ ಕೊಟ್ಟರು. ಇಪ್ಪತ್ತು ಸಿಕ್ಕವರಿಗೆ ತಾವು ಹೇಳಿದ್ದು ಸುಳ್ಳು ಎಂಬುದು ನೆನಪಿತ್ತು. ಒಂದೇ ಡಾಲರ್ ಪಡೆದವರು, ಇಷ್ಟಕ್ಕೆಲ್ಲ ಯಾರಾದರೂ ಸುಳ್ಳು ಹೇಳುತ್ತಾರೆಯೇ ಎಂದುಕೊಂಡು, ಕೆಲಸ ನಿಜವಾಗಿಯೂ ಚೆನ್ನಾಗಿತ್ತು ಎಂದೇ ನಂಬಿಬಿಟ್ಟರು. ಡಿಸರ್ಟೇಶನ್ ಮುಗಿಸಿದ ಸೀನಿಯರ್‌ಗಳಿಗೆ ಜೂನಿಯರ್‌ಗಳ ಜೊತೆ ಮಾತಾಡಲು ಯಾರೂ ಬಿಡಿಗಾಸು ಕೊಡುವುದಿಲ್ಲ. ಆದ್ದರಿಂದ ಅವರ ನಂಬಿಕೆ ಅಚಲ.

"ಹಾಗಾದ್ರೆ ಒಳ್ಳೆ ಅನುಭವಾನಾ?" ಎಂದು ಪೂರ್ವಪಕ್ಷಿ.

ತುಂಬಾ ಒಳ್ಳೆಯ ಅನುಭವ. ಮಾಡಲೇಬೇಕು.

ಇದನ್ನು ಕೇಳಿ ಪೂರ್ವಪಕ್ಷಿ ತನ್ನ ಪಕ್ಷವನ್ನು ಹಿಂತೆಗೆದುಕೊಂಡನು. ಆಕ್ಷೇಪಗಳೆಲ್ಲ ಪರಿಹಾರವಾದವೇ ಎಂದು ಕೇಳಿದ್ದಕ್ಕೆ ತಲೆಯಾಡಿಸಿ, ತಾನು ಈ ವರ್ಷ ಮೂರನೇ ಸೆಮಿಸ್ಟರ್ ಎಂದೂ, ಸಿನಾಪ್ಸಿಸ್ ಸೋಮವಾರ ಎಂದೂ ತಿಳಿಸಿ, "ನಿಮ್ದು ವರ್ಡ್ ಫೈಲ್ ಇದ್ರೆ ಕಳಿಸ್ತೀರಾ ಅಣ್ಣಾ, ಫಾರ್ಮ್ಯಾಟ್ ನೋಡೋಕಷ್ಟೆ" ಎಂದನು.